ಮಣಿಗೋಡೆಯ ಸುತ್ತ ನೀರಿನ ಹನಿ

ಫೆಬ್ರವರಿ 11, ಶನಿವಾರ. ಮಧ್ಯಾಹ್ನ 3.40.

ಸ್ಕ್ಯಾಂಗ್‌ದೋ ಪೊಲೀಸ್ ಠಾಣೆಯ ಒಲೆಗೆ ಹೆಡ್ ಕಾನ್‌ಸ್ಟೇಬಲ್ ಅಂಗ್‌ಚುಕ್ ಬೆರಣಿ ತುಂಬುತ್ತಿದ್ದಾಗ ಹೆಂಗಸೊಬ್ಬಳು ಬಾಗಿಲು ದೂಡಿಕೊಂಡು ಬಂದಳು. ಅವಳ ಎಡಗಾಲಿನಲ್ಲಿ ಒಂದು ಬಗೆಯ ಜೋಡು, ಬಲಗಾಲಿನಲ್ಲಿ ಇನ್ನೊಂದು. ಅವಸರದಲ್ಲಿ ಸಿಕ್ಕಿದ್ದನ್ನು ಮೆಟ್ಟಿಕೊಂಡು ಬಂದಿದ್ದಳು.

"ದೂರು ಬರ್ಕೊಳ್ಳಿ. ನನ್ನ ಗಂಡನ್ನ ಕೊಲ್ಲೋಕೆ ನೋಡಿದಾರೆ."

ಇನ್‌ಸ್ಪೆಕ್ಟರ್ ಮೊಟುಪ್ ಬೆಣ್ಣೆ ಚಹಾದ ಬಟ್ಟಲನ್ನು ಕೆಳಗಿಟ್ಟು, ಕುರ್ಚಿ ತೋರಿಸಿದರು. ಅವಳು ಕೂರಲಿಲ್ಲ.

ಹೆಸರು ಯಾಂಗ್‌ಡೋಲ್. ಗಂಡ ಪದ್ಮ ಗ್ಯಾಲ್ಸನ್, ವಯಸ್ಸು ಮೂವತ್ತೊಂದು. ತರ್ಲುಂಗ್ ಕೊಳ್ಳಕ್ಕೆ ಹಿಮಚಿರತೆ ನೋಡಲು ಬಂದ ಆರು ಮಂದಿ ವಿದೇಶಿಯರ ಗುಂಪಿನಲ್ಲಿ ಅವನದು ಹುಡುಕುವ ಕೆಲಸ. ಬೆಳಿಗ್ಗೆ ಆರಕ್ಕೆ, ಅತಿಥಿಗಳು ಏಳುವ ಮೊದಲೇ, ದುರ್ಬೀನು ಹೊತ್ತು ಒಬ್ಬನೇ ಮೇಲಿನ ಸಮತಟ್ಟಿಗೆ ಹತ್ತಬೇಕು. ಅಲ್ಲಿಂದ ಎದುರು ಬೆಟ್ಟವನ್ನು ಅಂಗುಲ ಅಂಗುಲವಾಗಿ ನೋಡಬೇಕು. ಈ ದಿನ ಬೆಳಿಗ್ಗೆ ಮಂತ್ರ ಕೊರೆದ ಕಲ್ಲುಗಳ ಮಣಿಗೋಡೆಯ ಪಕ್ಕದ ದಾರಿಯಿಂದ ನಲವತ್ತು ಅಡಿ ಕೆಳಕ್ಕೆ ಬಿದ್ದಿದ್ದ. ಸೊಂಟದ ಮೂಳೆ ಮುರಿದಿದೆ, ತಲೆಗೆ ಪೆಟ್ಟಾಗಿದೆ. ಲೇಹ್ ಆಸ್ಪತ್ರೆಯಲ್ಲಿದ್ದಾನೆ.

"ಜಾರಿರಬಹುದಲ್ಲ ತಂಗಿ?"

"ಹದಿಮೂರು ಚಳಿಗಾಲ ಆ ದಾರೀಲಿ ಹತ್ತಿದಾನೆ ಸರ್. ಮೇಕೆ ಜಾರಿದ್ರೂ ಅವನು ಜಾರಲ್ಲ."

"ಮತ್ತೆ?"

"ಗಾಡೀಲಿ ಕಣ್ಣು ಬಿಟ್ಟಾಗೆಲ್ಲ 'ಗಾಜಿತ್ತು, ದಾರೀಲಿ ಗಾಜಿತ್ತು' ಅಂತಿದ್ದ. ಅಲ್ಲಿ ಒರತೆ ಇಲ್ಲ. ಹಿಮ ಬಿದ್ರೂ ಗಾಳಿ ಗುಡಿಸಿಬಿಡುತ್ತೆ. ಮಂಜುಗಡ್ಡೆ ಎಲ್ಲಿಂದ ಬಂತು? ಯಾರೋ ನೀರು ಹೊಯ್ದಿದಾರೆ."

"ಯಾರು?"

"ಅಡುಗೆಯವನು. ಮೆಹದಿ. ಮೂರು ದಿನದ ಹಿಂದೆ ಎಲ್ಲರ ಮುಂದೆ ಇವನ ಜೊತೆ ಕಿತ್ತಾಡಿದ್ನಂತೆ."

"ಏನಕ್ಕೆ?"

"ಅದು ನನಗೆ ಗೊತ್ತಿಲ್ಲ. ತುಂಡುಪ್ ಅಚೊ ಇಲ್ದಿದ್ರೆ ಅಲ್ಲೇ ಸಾಯ್ತಿದ್ದ. ಎರಡು ಗಂಟೆ ದಾರಿ ಬೆನ್ನ ಮೇಲೆ ಹೊತ್ಕೊಂಡು ಬಂದಿದಾರೆ. ಈಗ್ಲೂ ಅವನ ಹಾಸಿಗೆ ಪಕ್ಕನೇ ಕೂತಿದಾರೆ."

ತುಂಡುಪ್ ಆ ಗುಂಪಿನ ಮಾರ್ಗದರ್ಶಿ, ನಲವತ್ತೇಳರ ಆಳು. ಯಾಂಗ್‌ಡೋಲ್ ಮನೆಯೂ ತುಂಡುಪ್ ಮನೆಯೂ ಒಂದೇ ಫಸ್ಪುನ್. ಅಂದರೆ ಒಂದೇ ಮನೆದೇವರನ್ನು ಪೂಜಿಸುವ ನಾಲ್ಕಾರು ಮನೆಗಳ ಒಕ್ಕಲು. ಹುಟ್ಟಿಗೂ ಸಾವಿಗೂ ಒಬ್ಬರಿಗೊಬ್ಬರು. ಅವಳು ಅವನನ್ನು ಅಚೊ, ಅಣ್ಣ, ಎಂದೇ ಕರೆಯುತ್ತಿದ್ದಳು.

ಹೊರಗೆ ಅವಳ ಚಿಕ್ಕಪ್ಪನ ಮಕ್ಕಳಿಬ್ಬರು ಜೀಪಿಗೆ ಒರಗಿ ನಿಂತಿದ್ದರು.

"ಆ ಕಾರ್ಗಿಲ್‌ನವನನ್ನ ಇವತ್ತೇ ಒಳಗೆ ಹಾಕ್ತೀರೋ, ನಾವೇ ಹೋಗಿ ಎಳ್ಕೊಂಡು ಬರೋದೋ?" ಎಂದು ದೊಡ್ಡವನು ಕೇಳಿದ.

"ಹೋಗಿ," ಎಂದರು ಮೊಟುಪ್. "ಎರಡನೇ ಎಫ್‌ಐಆರ್ ನಿಮ್ಮ ಹೆಸರಲ್ಲಿ ಬರೀತೀನಿ. ಪೆನ್ನಲ್ಲಿ ಇನ್ನೂ ಶಾಯಿ ಇದೆ."

ಸಂಜೆ 4.25ಕ್ಕೆ ಎಫ್‌ಐಆರ್ ದಾಖಲಾಯಿತು. ಭಾರತೀಯ ದಂಡ ಸಂಹಿತೆ ಕಲಂ 307, ಕೊಲೆ ಯತ್ನ. ಆರೋಪಿಯ ಅಂಕಣದಲ್ಲಿ ಮೊಟುಪ್ 'ತಿಳಿದಿಲ್ಲ' ಎಂದು ಬರೆಸಿದರು. ಯಾಂಗ್‌ಡೋಲ್ ಅದನ್ನು ಓದಿ ತುಟಿ ಕಚ್ಚಿಕೊಂಡಳು. ಕೊಳ್ಳದ ಬಾಯಿಯಲ್ಲಿರುವ ಹಳ್ಳಿಯ ಮುಖಂಡನಿಗೆ ಫೋನು ಹೋಯಿತು: ಮಣಿಗೋಡೆಯ ಎರಡೂ ತುದಿಗೆ ಹಗ್ಗ ಕಟ್ಟಿಸಿ, ಯಾರೂ ಹತ್ತಬಾರದು, ಗುಂಪಿನವರು ಯಾರೂ ಬಿಡಾರ ಬಿಟ್ಟು ಹೋಗಬಾರದು. ಅಂಗ್‌ಚುಕ್‌ನನ್ನು ಅದೇ ಸಂಜೆ ಆಸ್ಪತ್ರೆಗೆ ಕಳಿಸಿದರು. ಗ್ಯಾಲ್ಸನ್ ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಪಕ್ಕದಲ್ಲಿದ್ದ ತುಂಡುಪ್‌ನ ಹೇಳಿಕೆಯನ್ನು ಮಾತ್ರ ಬರೆದುಕೊಂಡು ಬಂದ.

ಹೇಳಿಕೆ ಚಿಕ್ಕದು. ಶುಕ್ರವಾರ ಮಧ್ಯಾಹ್ನ ಎರಡಕ್ಕೆ ಎಲ್ಲರೂ ಮೇಲಿನ ಸಮತಟ್ಟಿಗೆ ಹತ್ತಿದರು, ದಾರಿ ಒಣಗಿತ್ತು. ನಾಲ್ಕೂವರೆಗೆ ಇಳಿದರು. ಆಮೇಲೆ ಬೆನ್ನು ನೋವೆಂದು ಆರು ಗಂಟೆಯವರೆಗೆ ತುಂಡುಪ್ ಡೇರೆಯಲ್ಲಿ ಮಲಗಿದ್ದ. ಶನಿವಾರ ಬೆಳಿಗ್ಗೆ ಆರೂವರೆಗೆ ಹತ್ತಿದಾಗ ದಾರಿಯಲ್ಲಿ ಮಂಜುಗಡ್ಡೆ ಕಂಡಿತು, ಕೆಳಗೆ ಗ್ಯಾಲ್ಸನ್ ಬಿದ್ದಿದ್ದ.

ಫೆಬ್ರವರಿ 12, ಭಾನುವಾರ. ಬೆಳಿಗ್ಗೆ 10.10.

ಜೀಪು ನಿಂತ ಕಡೆಯಿಂದ ಎರಡು ಗಂಟೆ ನಡೆದು ಮೊಟುಪ್, ಅಂಗ್‌ಚುಕ್ ಮತ್ತು ಕಾನ್‌ಸ್ಟೇಬಲ್ ಚುಸ್ಕಿತ್ ಬಿಡಾರ ತಲುಪಿದರು. ಎರಡು ಕಡೆ ಕೆಂಪು ಬಂಡೆಯ ಗೋಡೆ, ನಡುವೆ ಹೆಪ್ಪುಗಟ್ಟಿದ ತೊರೆ. ತೊರೆಯ ದಡದಲ್ಲಿ ಡೇರೆಗಳು. ಅಲ್ಲಿಂದ ಕಡಿದಾದ ದಾರಿ ಸಮತಟ್ಟಿಗೆ ಏರುತ್ತದೆ. ಏರಿದ ಕೂಡಲೇ ಮಣಿಗೋಡೆ, ಅರವತ್ತು ಹೆಜ್ಜೆ ಉದ್ದ. ಅಲ್ಲಿ ದಾರಿ ಎರಡಾಗುತ್ತದೆ. ಹತ್ತುವವರು ಎಡದ ದಾರಿ ಹಿಡಿಯುತ್ತಾರೆ, ಬೌದ್ಧರ ಪ್ರದಕ್ಷಿಣೆಯ ಕ್ರಮದಂತೆ ಗೋಡೆ ಬಲಕ್ಕಿರಬೇಕು. ಇಳಿಯುವಾಗಲೂ ಗೋಡೆ ಬಲಕ್ಕೇ ಇರಬೇಕಾದ್ದರಿಂದ ಬೆಟ್ಟದ ಬದಿಯ ಇನ್ನೊಂದು ದಾರಿ. ಎಡದ ದಾರಿಯ ಅಂಚಿನಲ್ಲಿ ಪ್ರಪಾತ. ಚಳಿಗಾಲದಲ್ಲಿ ಆ ಸಮತಟ್ಟಿಗೆ ಬಿಸಿಲೇ ಬೀಳುವುದಿಲ್ಲ.

ಗೋಡೆ ಶುರುವಾದ ಮೇಲೆ ಹದಿನೈದನೇ ಹೆಜ್ಜೆಯಲ್ಲಿ ಮಂಜುಗಡ್ಡೆ ಇತ್ತು. ಆರು ಅಡಿ ಉದ್ದ, ದಾರಿಯಷ್ಟೇ ಅಗಲ, ಗಾಜಿನಂತೆ ತಿಳಿ. ಮಬ್ಬು ಬೆಳಕಿನಲ್ಲಿ ಅದು ಕಾಣುವುದೇ ಇಲ್ಲ.

ಹಳ್ಳಿಯ ಮುಖಂಡ ಮತ್ತು ಒಬ್ಬ ಕುದುರೆಯವನನ್ನು ಪಂಚರನ್ನಾಗಿ ಮಾಡಿಕೊಂಡು ಪಂಚನಾಮೆ ಶುರು ಮಾಡಿದರು. ಅಳತೆ ಮುಗಿದ ಮೇಲೆ ಅಂಗ್‌ಚುಕ್ ಹಿಂದಕ್ಕೆ ತಿರುಗಿದ. ಮೊಟುಪ್ ತಿರುಗಲಿಲ್ಲ. ಗೋಡೆ ಹಿಡಿದುಕೊಂಡು ಮಂಜುಗಡ್ಡೆಯ ಬದಿಯಲ್ಲಿ ಜೋಪಾನವಾಗಿ ದಾಟಿ, ಮುಂದಕ್ಕೆ ನಡೆದರು. ಅಜ್ಜಿ ರಾಗವಾಗಿ ಹೇಳುತ್ತಿದ್ದ ಪದ್ಯ ಕೇಳುತ್ತಾ ಅವಳ ಬೆರಳು ಹಿಡಿದು ಇಂಥ ಗೋಡೆ ಸುತ್ತಿದ ವಯಸ್ಸಿನಿಂದ, ಅವರು ಅರ್ಧದಲ್ಲಿ ಹಿಂದಿರುಗಿದವರಲ್ಲ. ಇಪ್ಪತ್ತನೇ ಹೆಜ್ಜೆಯಲ್ಲಿ ಕುಕ್ಕರಗಾಲಿನಲ್ಲಿ ಕೂತರು.

"ಅಂಗ್‌ಚುಕ್. ಇಲ್ಲಿ ಬಾ. ಇದೇನು?"

ಒಣ ಮಣ್ಣಿನ ಮೇಲೆ ಬಟಾಣಿ ಕಾಳಿನಷ್ಟು ಮಂಜಿನ ಹನಿ. ಎರಡಡಿ ಆಚೆ ಇನ್ನೊಂದು. ಆಮೇಲೆ ಇನ್ನೊಂದು. ಹನಿಗಳ ಸಾಲು ಗೋಡೆಯ ಆ ತುದಿಯವರೆಗೆ ಹೋಗಿ, ಸುತ್ತು ಹಾಕಿ, ಬೆಟ್ಟದ ಬದಿಯ ದಾರಿಯಲ್ಲಿ ಕೆಳಗಿಳಿದಿತ್ತು. ತೊರೆಯ ಕಡೆಯಿಂದ ಮೇಲೆ ಬಂದ ಸಾಲೂ ಸಿಕ್ಕಿತು, ಅದು ಎಡದ ದಾರಿಯಲ್ಲೇ ಬಂದಿತ್ತು. ಮಂಜುಗಡ್ಡೆಯೊಳಗೆ, ಗೋಡೆಯ ಪಕ್ಕಕ್ಕೆ, ಮೂರು ಬೂಟಿನ ಗುರುತು ಅರ್ಧ ಹೂತಿದ್ದವು. ನೀರು ಗಟ್ಟಿಯಾಗುವ ಮೊದಲೇ ಇಟ್ಟ ಹೆಜ್ಜೆಗಳು. ಬೂಟಿನ ಅಳತೆ ತಿಳಿಯದಷ್ಟು ಮಸುಕಾಗಿದ್ದರೂ ಮೂರರ ತುದಿಯೂ ಹತ್ತುವ ದಿಕ್ಕಿಗಿತ್ತು.

"ಹೊಯ್ದವನು ತನ್ನ ನೀರಿನ ಮೇಲೆ ತಾನೇ ಕಾಲಿಟ್ಟು ಮುಂದೆ ಹೋಗಿದಾನೆ," ಎಂದರು ಮೊಟುಪ್. "ಹಿಂದಕ್ಕೆ ಬಂದಿದ್ರೆ ಹದಿನೈದು ಹೆಜ್ಜೆ. ಹಿಂಗೆ ಸುತ್ತಿದ್ರೆ ನೂರು ದಾಟುತ್ತೆ. ಕೈಯಲ್ಲಿ ಡಬ್ಬ, ಯಾರು ನೋಡ್ತಾರೋ ಅನ್ನೋ ಭಯ. ಆದ್ರೂ ಸುತ್ತಿದಾನೆ."

ಮುಖಂಡ ಟೋಪಿ ತೆಗೆದು ತಲೆ ಕೆರೆದುಕೊಂಡ. ಅವನಿಗೆ ಅರ್ಥವಾಗಿತ್ತು.

ಮಧ್ಯಾಹ್ನ 12.30. ಅಡುಗೆ ಡೇರೆ.

ಗುಲಾಂ ಮೆಹದಿ ಈರುಳ್ಳಿ ಹೆಚ್ಚುತ್ತಿದ್ದ. ಪೊಲೀಸರನ್ನು ಕಂಡು ಚಾಕುವನ್ನು ದೂರ ಇಟ್ಟು, ಎರಡೂ ಕೈ ಕಾಣುವಂತೆ ಮೊಣಕಾಲ ಮೇಲಿಟ್ಟುಕೊಂಡ.

"ಶುಕ್ರವಾರ ಸಂಜೆ ಎಲ್ಲಿದ್ದೆ?"

"ಇಲ್ಲೇ ಸಾಬ್. ಆರು ಜನ ಫಾರಿನ್‌ನವರು, ಒಬ್ಬರಿಗೆ ಹಾಲು ಬೇಡ, ಒಬ್ಬರಿಗೆ ಮಾಂಸ ಬೇಡ, ಒಬ್ಬರಿಗೆ ನನ್ನ ಮುಖ ಬೇಡ. ಎಲ್ಲಿಗೆ ಹೋಗ್ಲಿ?"

"ನೀರು ಹೊಯ್ದಿದ್ದು ನೀನೇ ಅಂತಾರೆ."

"ಹುಚ್ಚಾ ನನಗೆ? ಒಂದು ಡಬ್ಬ ನೀರಿಗೆ ಅರ್ಧ ಗಂಟೆ ತೊರೆ ಒಡೀಬೇಕು. ದಾರಿಗೆ ಸುರೀತೀನಾ?" ನಗಲು ನೋಡಿದ, ಆಗಲಿಲ್ಲ. "ಸಾಬ್, ಕೆಳಗೆ ಗ್ಯಾಲ್ಸನ್ ಹೆಂಡತಿ ಕಡೆಯವರು ಕಾಯ್ತಿದಾರಂತೆ. ನನಗೆ ಮೂರು ಹೆಣ್ಣುಮಕ್ಕಳು. ಒಂದು ಸಲ ಒಳಗೆ ಹಾಕಿದ್ರೆ ಆಮೇಲೆ ನಿಜ ಯಾರು ಕೇಳ್ತಾರೆ?"

"ನಾನು ಕೇಳ್ತಿದೀನಲ್ಲ. ಜಗಳ ಯಾಕಾಯ್ತು?"

"ಚಹಾಕ್ಕೆ."

"ಸರಿಯಾಗಿ ಹೇಳು."

"ಎಂಟನೇ ತಾರೀಕು ಮೇಲಿನವರಿಗೆ ಚಹಾ ತಗೊಂಡು ಹೋದೆ. ನಾನು ಹತ್ತೋದು ಬೆಟ್ಟದ ಬದಿಯಿಂದ. ಗ್ಯಾಲ್ಸನ್ ಕೂಗಾಡಿದ, 'ಗೋಡೆ ಎಡಕ್ಕೆ ಬಿಟ್ಟು ಹತ್ತುತೀಯೇನೋ ಕತ್ತೆ' ಅಂತ. ನಾನಂದೆ, 'ಅಂಚಿನ ಕಡೆ ಗಾಳಿ ಕೆಟಲನ್ನೇ ಹೊತ್ಕೊಂಡು ಹೋಗುತ್ತೆ, ಬಿಸಿ ಚಹಾ ಕೊಡೋನ ಮೇಲೆ ನಿಮ್ಮ ದೇವರು ಮುನಿಸ್ಕೊಳ್ಳಲ್ಲ' ಅಂತ. ಅಷ್ಟೇ ಸಾಬ್. ರಾತ್ರಿ ಊಟಕ್ಕೆ ನಾನು ಮಾಡಿದ ತುಕ್ಪಾ ಎರಡು ಬಟ್ಟಲು ಹೊಡೆದ, ಬೈಕೊಂಡೇ."

"ಆಮೇಲೆ ಯಾವ ಕಡೆಯಿಂದ ಹತ್ತಿದೆ?"

"ಅದೇ ಕಡೆಯಿಂದ. ಗಾಳಿ ಬದಲಾಗಿಲ್ವಲ್ಲ."

ಅಂಗ್‌ಚುಕ್ ಬರೆಯುವುದನ್ನು ನಿಲ್ಲಿಸಿ ಮೊಟುಪ್ ಮುಖ ನೋಡಿದ. ಯಾಂಗ್‌ಡೋಲ್ ಯಾವ ಜಗಳವನ್ನು ಹಿಡಿದು ಇವನನ್ನು ದೂರಿದ್ದಳೋ ಅದೇ ಜಗಳ ಇವನನ್ನು ಕಾಯುತ್ತಿತ್ತು.

"ನೀರಿನ ಡಬ್ಬಗಳೆಷ್ಟು?"

"ಎರಡು. ಬಿಳೀದು, ನೀಲೀದು. ನೀಲಿಯ ಮುಚ್ಚಳ ಸೀಳಿದೆ, ತೊಟ್ಟಿಕ್ಕುತ್ತೆ. ಶುಕ್ರವಾರ ಸಂಜೆ ಅದು ಸುಮಾರು ಹೊತ್ತು ಕಾಣ್ಲಿಲ್ಲ. ಐದೂ ಇಪ್ಪತ್ತಕ್ಕೆ ನೋಡಿದ್ರೆ ತೊರೆ ಹತ್ರ ಖಾಲಿ ಬಿದ್ದಿತ್ತು. ಗ್ಯಾಲ್ಸನ್ನೇ ಬಚ್ಚಿಟ್ಟು ಆಟ ಆಡಿಸ್ತಿದಾನೆ ಅಂದ್ಕೊಂಡೆ."

ನೀಲಿ ಡಬ್ಬವನ್ನು ಪಂಚರ ಮುಂದೆ ವಶಪಡಿಸಿಕೊಂಡರು. ನೀರು ತುಂಬಿಸಿ ಚುಸ್ಕಿತ್ ಕೈಯಲ್ಲಿ ಹಿಡಿಸಿ ನಡೆಸಿದಾಗ ಸುಮಾರು ಎರಡಡಿಗೆ ಒಂದು ಹನಿ ಬಿತ್ತು.

ಅತಿಥಿಗಳಲ್ಲಿ ಒಬ್ಬಳು ವಿಲ್ಮಾ, ಡಚ್ ಹೆಂಗಸು, ಅರವತ್ತರ ಮೇಲಿನವಳು. ಶುಕ್ರವಾರ ಸಂಜೆ ಸಮತಟ್ಟಿನ ಕಡೆಯ ಬಂಡೆಯ ಮೇಲೆ ಕಾಡುಮೇಕೆಗಳ ಹಿಂಡು ಇಳಿದಿತ್ತೆಂದೂ, ಗ್ಯಾಲ್ಸನ್ ಬಿಡಾರದಲ್ಲೇ ದುರ್ಬೀನು ನಿಲ್ಲಿಸಿ ಎಲ್ಲರಿಗೂ ತೋರಿಸಿದನೆಂದೂ, ತಾನು ಇನ್ನೂರು ಚಿತ್ರ ತೆಗೆದೆನೆಂದೂ ಹೇಳಿದಳು.

"ಎಲ್ಲರೂ ಇದ್ರಾ?"

"ನಾವು ಆರೂ ಜನ ಇದ್ವಿ. ಗ್ಯಾಲ್ಸನ್ ಇದ್ದ. ಅಡುಗೆಯವರು ಬಿಸ್ಕತ್ ತಂದ್ಕೊಟ್ರು."

"ತುಂಡುಪ್?"

"ಬೆನ್ನು ನೋವು ಅಂತ ಮಲಗಿದ್ರು, ಪಾಪ."

ಮೊಟುಪ್ ಮೊದಲು ಕ್ಯಾಮೆರಾದ ಗಡಿಯಾರವನ್ನು ತಮ್ಮ ಕೈಗಡಿಯಾರದ ಜೊತೆ ಹೋಲಿಸಿದರು. ಎರಡು ನಿಮಿಷ ಮುಂದಿತ್ತು. ಅದನ್ನು ಬರೆಸಿದರು. ಆಮೇಲೆ ಚುಸ್ಕಿತ್ ಒಂದೊಂದೇ ಚಿತ್ರ ಸರಿಸಿದಳು. 5.03ರ ಚಿತ್ರದಲ್ಲಿ ಒಂದು ಬದಿಗೆ ದುರ್ಬೀನಿನ ಪಕ್ಕ ಗ್ಯಾಲ್ಸನ್, ಮೈಮೇಲೆ ಕೆಂಪು ಅಂಗಿ. 5.04ರ ಚಿತ್ರದಲ್ಲಿ ಕಾಡುಮೇಕೆಗಳ ಹಿಂದೆ, ಮೇಲಕ್ಕೆ, ಬಹಳ ದೂರದಲ್ಲಿ, ಮಣಿಗೋಡೆಯ ಆ ತುದಿ. ಅಲ್ಲೊಂದು ಚುಕ್ಕೆ. ದೊಡ್ಡದು ಮಾಡಿದರೆ ಕೆಂಪು ಅಂಗಿ, ಕೈಯಲ್ಲಿ ನೀಲಿ. ಮುಖ ತಿಳಿಯುವಂತಿರಲಿಲ್ಲ.

"ಈ ಕೆಂಪು ಅಂಗಿ ಎಷ್ಟು ಜನಕ್ಕೆ ಕೊಟ್ಟಿದಾರೆ?"

"ಇಬ್ಬರಿಗೇ ಸಾಬ್," ಎಂದ ಮೆಹದಿ ಹಿಂದಿನಿಂದ. "ಹುಡುಕೋನಿಗೆ ಒಂದು, ಮಾರ್ಗದರ್ಶಿಗೆ ಒಂದು. ಅಡುಗೆಯವನಿಗೆ ಚಳಿ ಆಗಲ್ಲ ಅಂತ ಕಂಪನಿ ಲೆಕ್ಕ."

ಹೇಳಿ ಮುಗಿಸಿದ ಮೇಲೆ ತಾನು ಹೇಳಿದ್ದು ಏನೆಂದು ಹೊಳೆದು ಬಾಯಿಗೆ ಕೈ ಅಡ್ಡ ಇಟ್ಟುಕೊಂಡ. "ಯಾ ಅಲ್ಲಾ. ಅವರೇ ತಾನೇ ಹೊತ್ಕೊಂಡು ಹೋಗಿದ್ದು?"

ವಿಲ್ಮಾಳ ಒಪ್ಪಿಗೆ ಪಡೆದು ಮೆಮೊರಿ ಕಾರ್ಡನ್ನು ವಶಪಡಿಸಿಕೊಂಡು ರಸೀದಿ ಕೊಟ್ಟರು.

ಫೆಬ್ರವರಿ 13, ಸೋಮವಾರ. ಬೆಳಿಗ್ಗೆ 10.15. ಲೇಹ್ ಆಸ್ಪತ್ರೆ.

ಗ್ಯಾಲ್ಸನ್‌ಗೆ ಶಸ್ತ್ರಚಿಕಿತ್ಸೆ ಆಗಿತ್ತು. ಬದುಕುತ್ತಾನೆ, ಬೆಟ್ಟ ಹತ್ತುವುದು ಅನುಮಾನ ಎಂದು ಡಾಕ್ಟರು ಹೇಳಿದ್ದರು. ತುಂಡುಪ್ ಹೊರಗಿನ ಬೆಂಚಿನ ಮೇಲೆ ಜಪಮಣಿ ಎಣಿಸುತ್ತಾ ಕೂತಿದ್ದ. ಎರಡು ದಿನದಿಂದ ಮನೆಗೆ ಹೋಗಿರಲಿಲ್ಲ. ಅವನನ್ನು ಪಕ್ಕದ ಖಾಲಿ ಕೋಣೆಗೆ ಕರೆದೊಯ್ದರು. ಅಂಗ್‌ಚುಕ್ ಬರೆಯಲು ಕೂತ.

"ಶುಕ್ರವಾರ ಸಂಜೆ ಎಲ್ಲಿದ್ರಿ?"

"ಡೇರೇಲಿ. ಬರೆಸಿದೀನಲ್ಲ ಸರ್."

"ಎದ್ದು ಹೊರಗೆ ಬರ್ಲಿಲ್ವಾ?"

"ಇಲ್ಲ."

"ಒಂದು ವಿಷಯ ತಿಳೀತಿಲ್ಲ. ನೀರು ಹೊಯ್ದವನು ಹದಿನೈದು ಹೆಜ್ಜೆ ಹಿಂದಕ್ಕೆ ಬಂದಿದ್ರೆ ಸಾಕಿತ್ತು. ಒದ್ದೆ ದಾಟ್ಕೊಂಡು, ಗೋಡೆ ಪೂರ್ತಿ ಸುತ್ತಿ ಬಂದಿದಾನೆ. ಅಷ್ಟು ಕಷ್ಟ ಯಾಕೆ ಬಿದ್ದ?"

ತುಂಡುಪ್ ಮುಖ ಎತ್ತಿದ. ಏನೂ ತಿಳಿಯದವರಿಗೆ ತಿಳಿಸಿ ಹೇಳುವ ದನಿಯಲ್ಲಿ ಅಂದ:

"ಗೋಡೆ ಎಡಕ್ಕೆ ಹಾಕ್ಕೊಂಡು ಹೇಗೆ ಸರ್ ವಾಪಸ್ ಬರೋದು? ಪಾಪ ಅಲ್ವಾ?"

ತುಂಡುಪ್‌ನ ಬೆರಳುಗಳು ಜಪಮಣಿಯ ಮೇಲೆ ನಿಂತವು.

"ಮೆಹದಿ ಆ ಪಾಪಕ್ಕೆ ಹೆದರೋನಲ್ಲ," ಎಂದರು ಮೊಟುಪ್. "ಅತಿಥಿಗಳು ಆರೂ ಜನ ಕಾಡುಮೇಕೆ ನೋಡ್ತಿದ್ರು. ಕ್ಯಾಮೆರಾ ಪ್ರಕಾರ ಐದೂ ನಾಲ್ಕಕ್ಕೆ ಕೆಂಪು ಅಂಗಿ ಹಾಕ್ಕೊಂಡು, ನೀಲಿ ಡಬ್ಬ ಹಿಡ್ಕೊಂಡು ಗೋಡೆಯ ಆ ತುದೀಲಿ ಒಬ್ಬರು ನಿಂತಿದ್ರು. ಚಿತ್ರ ಇದೆ. ಗ್ಯಾಲ್ಸನ್ ಕೆಳಗಿದ್ದ."

ತುಂಡುಪ್ ಕೇಳಿದ, "ಮೆಹದೀನ ಹಿಡಿದಿದೀರಾ?"

"ಹಿಡೀಬೇಕಾ?"

"ಬೇಡ." ಜಪಮಣಿಯನ್ನು ಸುತ್ತಿ ಜೇಬಿಗೆ ಹಾಕಿಕೊಂಡ. "ಬರ್ಕೊಳ್ಳಿ."

ಹನ್ನೊಂದು ವರ್ಷ ಆ ಕೊಳ್ಳದಲ್ಲಿ ಹುಡುಕುವವನು ತುಂಡುಪ್ಪೇ ಆಗಿದ್ದ. ಪ್ರವಾಸದ ಕೊನೆಯ ದಿನ ಅತಿಥಿಗಳು ಮೊದಲು ಚಿರತೆ ಕಂಡವನ ಕೊರಳಿಗೆ ಬಿಳಿ ವಸ್ತ್ರ ಹಾಕುತ್ತಾರೆ. ಅವನ ಮನೆಯ ಕಂಬದ ಮೇಲೆ ಅಂಥವು ಎಷ್ಟೋ ಇದ್ದವು. ಗ್ಯಾಲ್ಸನ್‌ಗೆ ನೋಡುವುದನ್ನು ಕಲಿಸಿದವನೂ ಅವನೇ. ಮೂರು ವರ್ಷದಿಂದ ವಸ್ತ್ರವೆಲ್ಲ ಗ್ಯಾಲ್ಸನ್ ಕೊರಳಿಗೆ.

"ನಮ್ಮಮ್ಮ ಕೂಡ ಅವನ ಕಣ್ಣಿನ ಮಾತೇ ಆಡ್ತಾಳೆ ಸರ್. ನನ್ನ ತಟ್ಟೆಗೆ ಬಡಿಸ್ತಾ ಅವನ್ನ ಹೊಗಳ್ತಾಳೆ. ಅದನ್ನೆಲ್ಲ ನುಂಗಿದ್ದೆ."

"ಮತ್ತೆ ಯಾವುದನ್ನ ನುಂಗೋಕೆ ಆಗ್ಲಿಲ್ಲ?"

"ಒಂಬತ್ತನೇ ತಾರೀಕು. ಗ್ಯಾಲ್ಸನ್ ಇನ್ನೊಂದು ಕಡೆ ಹುಡುಕೋಕೆ ಹೋಗಿದ್ದ. ಅತಿಥಿಗಳ ಜೊತೆ ನಾನೊಬ್ಬನೇ. ಆರು ದಿನ ಆಗಿತ್ತು, ಯಾರಿಗೂ ಏನೂ ಕಂಡಿರ್ಲಿಲ್ಲ. ಮುಖ ಸಣ್ಣದು ಮಾಡ್ಕೊಂಡು ಕೂತಿದ್ರು. ನಾನು ಎದುರು ಬೆಟ್ಟದ ಕರೀ ಬಂಡೆ ತೋರಿಸಿ, 'ಅಗೋ ಅಲ್ಲಿದೆ' ಅಂದ್ಬಿಟ್ಟೆ. ನನಗೇನೂ ಕಂಡಿರ್ಲಿಲ್ಲ ಸರ್. ಎರಡು ವರ್ಷದಿಂದ ನನಗೆ ಎದುರು ಬೆಟ್ಟವೇ ಹೊಗೆ. ಮನೇಲೂ ಹೇಳಿಲ್ಲ. ಒಂದು ಗಂಟೆ ನೋಡಿದ್ರು, ಕಾಣ್ಲಿಲ್ಲ. ಒಬ್ಬರ ಮುಖ ಒಬ್ಬರು ನೋಡ್ಕೊಂಡ್ರು. ಆಗ ಅವನು ಬಂದ. ದುರ್ಬೀನಿಗೆ ಕಣ್ಣಿಟ್ಟ. 'ಇತ್ತು, ಅಚೊ ಹೇಳಿದ್ದು ಸರಿ, ಈಗಷ್ಟೇ ಬಂಡೆ ಹಿಂದಕ್ಕೆ ಇಳೀತು' ಅಂದ. ನನ್ನ ಬೆನ್ನು ತಟ್ಟಿದ ಬೇರೆ."

"ನಿಮ್ಮ ಮಾನ ಉಳಿಸಿದ."

"ಸುಳ್ಳುಗಾರ ಅಂದಿದ್ರೆ ಎರಡು ಬಾರಿಸಿ ಮರೆತುಬಿಡ್ತಿದ್ದೆ. ಕನಿಕರ ಪಟ್ಟ ಸರ್. ನನ್ನ ಕೈ ಹಿಡ್ಕೊಂಡು ಬೆಟ್ಟ ಹತ್ತೋದು ಕಲಿತವನು, ನನ್ನ ಮೇಲೆ ಕನಿಕರ ಪಟ್ಟ. ಕಾಲು ಉಳುಕಿ ನಾಲ್ಕು ದಿನ ಮಲಗಲಿ, ಬೆಳಿಗ್ಗೆ ಮೊದಲು ನಾನೇ ಹತ್ತಬೇಕು ಅಂದ್ಕೊಂಡೆ."

"ಪ್ರಪಾತದ ಅಂಚಿಗೆ ನೀರು ಹೊಯ್ದು, ಕಾಲು ಉಳುಕಲಿ ಅಂದ್ಕೊಂಡ್ರಾ?"

'ಉತ್ತರವಿಲ್ಲ' ಎಂದು ಅಂಗ್‌ಚುಕ್ ಬರೆದುಕೊಂಡ.

"ಆಮೇಲೆ ನೀವೇ ಹೊತ್ಕೊಂಡು ಬಂದ್ರಿ."

"ಒಂದೇ ಫಸ್ಪುನ್ ಸರ್. ಸತ್ತಿದ್ರೂ ನಾನೇ ಹೊರಬೇಕಿತ್ತು."

11.40ಕ್ಕೆ ಬಂಧನ ಪತ್ರಕ್ಕೆ ತುಂಡುಪ್ ಸಹಿ ಹಾಕಿದ. ಹೊರಗೆ ಬಂದಾಗ ಯಾಂಗ್‌ಡೋಲ್ ಎದುರಿಗಿದ್ದಳು. ಗಂಡನಿಗೊಂದು, ಅಚೊಗೊಂದು ಎಂದು ಎರಡು ಬಟ್ಟಲು ಗಂಜಿ ತಂದಿದ್ದಳು. ಅಂಗ್‌ಚುಕ್‌ನ ಕೈ ತುಂಡುಪ್‌ನ ರಟ್ಟೆಯ ಮೇಲಿರುವುದನ್ನು ನೋಡಿದಳು. ತುಂಡುಪ್ ನೆಲ ನೋಡಿದ. ಅವಳು ಒಂದು ಬಟ್ಟಲನ್ನು ಬೆಂಚಿನ ಮೇಲಿಟ್ಟು, ಇನ್ನೊಂದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಮೆಹದಿಗೆ ಯಾರು ಹೇಳ್ತಾರೆ ಸರ್?" ಎಂದಳು.

"ನೀನೇ ಹೇಳಬೇಕು ತಂಗಿ. ನಿನ್ನ ಅಣ್ಣ ತಮ್ಮಂದಿರನ್ನೂ ಕರ್ಕೊಂಡು ಹೋಗು."

ಅದೇ ದಿನ ಸಂಜೆ 4 ಗಂಟೆಗೆ ಡಾಕ್ಟರ ಅನುಮತಿ ಪಡೆದು ಗ್ಯಾಲ್ಸನ್‌ನ ಹೇಳಿಕೆ ಬರೆದುಕೊಂಡರು. ಹೆಂಡತಿ ಅವನಿಗೆ ಎಲ್ಲ ಹೇಳಿದ್ದಳು. ಅವನು ಗೋಡೆಯ ಕಡೆ ಮುಖ ಮಾಡಿಕೊಂಡೇ ಮಾತಾಡಿದ.

"ಒಂಬತ್ತನೇ ತಾರೀಕು ಅಚೊಗೋಸ್ಕರ ಸುಳ್ಳು ಹೇಳಿದ್ದು ಯಾಕೆ?" ಎಂದು ಮೊಟುಪ್ ಕೇಳಿದರು.

"ಯಾವ ಸುಳ್ಳು?"

"ಬಂಡೆ ಹಿಂದೆ ಚಿರತೆ ಇಳೀತು ಅಂದ್ಯಲ್ಲ."

ಗ್ಯಾಲ್ಸನ್ ನಿಧಾನವಾಗಿ ಮುಖವನ್ನು ಈ ಕಡೆ ತಿರುಗಿಸಿದ. "ಇತ್ತು ಸರ್. ನಾನು ಕಣ್ಣಿಟ್ಟಾಗ ಬಾಲ ಮಾತ್ರ ಕಂಡಿತು, ಬಂಡೆಯ ಬಲಗಡೆ. ಅಚೊ ತೋರಿಸಿದ ಜಾಗವೇ. ಒಂದು ಗಂಟೆಯಿಂದ ಅಲ್ಲೇ ಮಲಗಿತ್ತು ಅಂತ ಕಾಣ್ಸುತ್ತೆ, ಬೇರೆ ಯಾರಿಗೂ ತಿಳೀಲಿಲ್ಲ. ನನಗೇ ನಾಚಿಕೆ ಆಯ್ತು. ಈ ವಯಸ್ಸಲ್ಲೂ ಅವರ ಕಣ್ಣಿನ ಮುಂದೆ ನಾವು ಏನೂ ಅಲ್ಲ ಅಂದ್ಕೊಂಡೆ."

ಮೊಟುಪ್ ಠಾಣೆಗೆ ಬಂದು, ಒಂಬತ್ತನೇ ತಾರೀಕಿನ ಚಿತ್ರಗಳನ್ನೆಲ್ಲ ತೆಗೆ ಎಂದು ಚುಸ್ಕಿತ್‌ಗೆ ಹೇಳಿದರು. ವಿಲ್ಮಾ ಆ ಕರೀ ಬಂಡೆಯನ್ನೂ ನಲವತ್ತು ಸಲ ತೆಗೆದಿದ್ದಳು, ಅದರಲ್ಲಿ ಏನಿದೆಯೆಂದು ತಿಳಿಯದೆ. ಮೂವತ್ತೆರಡನೆಯದರಲ್ಲಿ, ಬಂಡೆಯ ಬಲ ಅಂಚಿನಿಂದ ಬೂದು ಬಣ್ಣದ ದಪ್ಪ ಬಾಲವೊಂದು ಇಳಿಬಿದ್ದಿತ್ತು. ಅದರ ಮೇಲಿನ ಕಪ್ಪು ಬಳೆಗಳನ್ನು ಎಣಿಸಬಹುದಿತ್ತು.

ಫೆಬ್ರವರಿ 14, ಮಂಗಳವಾರ. ಬೆಳಿಗ್ಗೆ 8.50.

ತುಂಡುಪ್‌ನನ್ನು ನ್ಯಾಯಾಲಯಕ್ಕೆ ಕರೆದೊಯ್ಯಲು ಜೀಪು ಸಿದ್ಧವಾಗಿತ್ತು. ಮೊಟುಪ್ ಆ ಚಿತ್ರದ ಒಂದು ಪ್ರತಿಯನ್ನು ಕಡತಕ್ಕೆ ಸೇರಿಸಿ, ಇನ್ನೊಂದನ್ನು ಅವನ ಕೈಗೆ ಕೊಟ್ಟರು.

"ಅವನು ನಿಮ್ಮ ಮೇಲೆ ಕನಿಕರ ಪಟ್ಟಿರ್ಲಿಲ್ಲ. ನೀವು ತೋರಿಸಿದ ಕಡೆ ಚಿರತೆ ಇತ್ತು. ನೋಡಿ."

ತುಂಡುಪ್ ಕಾಗದವನ್ನು ದೂರ ಹಿಡಿದ. ಹತ್ತಿರ ತಂದ. ಕಿಟಕಿಯ ಬಳಿಗೆ ಹೋಗಿ ಬೆಳಕಿಗೆ ಒಡ್ಡಿದ.

"ಎಲ್ಲಿ ಸರ್?"

ಮೊಟುಪ್ ಬಾಲದ ಕೆಳಗೆ ಬೆರಳಿಟ್ಟು ತೋರಿಸಿದರು. ತುಂಡುಪ್ ಆ ಬೆರಳ ತುದಿಯನ್ನೇ ಬಹಳ ಹೊತ್ತು ನೋಡಿದ. ಅವನ ಕಣ್ಣಲ್ಲಿ ನೀರು ತುಂಬಿಕೊಂಡಿತು. ತೋಳಿನಿಂದ ಒರೆಸಿಕೊಂಡು ಮತ್ತೆ ನೋಡಿದ.

"ನೀವು ಇದೆ ಅಂದ್ರೆ ಇರುತ್ತೆ ಸರ್," ಎಂದು ಚಿತ್ರವನ್ನು ಹಿಂದಕ್ಕೆ ಕೊಟ್ಟ. "ನನಗೆ ಕಾಣ್ತಿಲ್ಲ."